ವಿಶ್ವವಿದ್ಯಾನಿಲಯ ಗ್ರಂಥಾಲಯದ ಎಐ ಪರಾಮರ್ಶನ ಸೇವೆ: ನಾಲ್ಕು ತಿಂಗಳ ಬಳಕೆಯ ಅನುಭವ

ನಾನು ಸದಸ್ಯನಾಗಿರುವ ರಾಜ್ಯ ವಿಶ್ವವಿದ್ಯಾನಿಲಯವೊಂದರ ಗ್ರಂಥಾಲಯವು ಈ ಶೈಕ್ಷಣಿಕ ವರ್ಷದ ಆರಂಭದಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನ ಪರಾಮರ್ಶನ ಸೇವೆಯನ್ನು ತೆರೆಯಿತು. ಗ್ರಂಥಾಲಯದ ಸೂಚಿ, ಅಲ್ಲಿಯೇ ಸಲ್ಲಿಕೆಯಾದ ಪಿಎಚ್.ಡಿ. ಪ್ರಬಂಧಗಳ ಸಂಗ್ರಹ, ಚಂದಾ ಇರುವ ನಿಯತಕಾಲಿಕೆಗಳ ಲೇಖನಸಾರ ಈ ಮೂರನ್ನೂ ಒಟ್ಟಿಗೆ ಹುಡುಕಿ, ಕೇಳಿದ ಪ್ರಶ್ನೆಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟದ ಉತ್ತರವನ್ನು, ಅದರ ಕೆಳಗೆ ಆಕರಗಳ ಪಟ್ಟಿಯನ್ನು ಕೊಡುವುದು ಅದರ ಕೆಲಸ. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒಮ್ಮೆಲೇ ತೆರೆದುಕೊಂಡ ಮೇಲೆ ಇಂಥದ್ದೊಂದು ಸಾಧನ ಬೇಕೆಂದು ಆಡಳಿತಕ್ಕೆ ಅನ್ನಿಸಿದ್ದು ಸಹಜವೇ. ಸ್ಥಳೀಯ ಇತಿಹಾಸದ ಕೆಲಸ ಮಾಡುವ ನಾನು ನಾಲ್ಕು ತಿಂಗಳ ಕಾಲ, ವಾರಕ್ಕೆ ಎರಡು ದಿನದಂತೆ ಈ ಸೇವೆಯನ್ನು ಬಳಸಿದ್ದೇನೆ. ಯಂತ್ರದ ಗುಣಾವಗುಣಗಳನ್ನಷ್ಟೇ ಬರೆಯಬೇಕೆಂದು ಹೊರಟಿದ್ದೆ. ಆದರೆ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು ಬಗೆಯ ಸೇವೆ, ಮಧ್ಯಾಹ್ನ ಇನ್ನೊಂದು ಬಗೆಯ ಸೇವೆ ಸಿಕ್ಕಿದ್ದರಿಂದ, ಆ ಯಂತ್ರವನ್ನು ಮೇಜಿನ ಆಚೆ ಕುಳಿತ ಗ್ರಂಥಪಾಲಕರು ಹೇಗೆ ಕಾಣುತ್ತಾರೆ ಎಂಬುದನ್ನು ಬಿಟ್ಟು ಈ ವಿಮರ್ಶೆ ಬರೆಯಲು ಸಾಧ್ಯವಿಲ್ಲವೆಂದು ಬೇಗನೆ ತಿಳಿಯಿತು.

ಮೊದಲು ಮೆಚ್ಚುಗೆಯ ಮಾತು. ನಮ್ಮ ವಿಶ್ವವಿದ್ಯಾನಿಲಯಗಳ ಗಣಕೀಕೃತ ಸೂಚಿಗಳಲ್ಲಿ ಕನ್ನಡ ಪುಸ್ತಕವನ್ನು ಹುಡುಕಿದವರಿಗೆ ಆ ಸಂಕಟ ಗೊತ್ತಿರುತ್ತದೆ. ಸೂಚೀಕರಣ ನಡೆದ ಕಾಲದಲ್ಲಿ ಕನ್ನಡ ಲಿಪಿಯ ಸೌಲಭ್ಯವಿಲ್ಲದೆ ಸಾವಿರಾರು ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ, ಅವರವರಿಗೆ ತೋಚಿದಂತೆ ದಾಖಲಿಸಲಾಗಿದೆ. ‘ಶಾಸನ’ ಎಂಬ ಒಂದೇ ಪದ ಒಂದು ಕಡೆ ‘ಸಾಸನ’ ಎಂದು ಓದಿಕೊಳ್ಳುವಂತೆಯೂ ಇನ್ನೊಂದು ಕಡೆ ಎಚ್ ಅಕ್ಷರ ಸೇರಿಸಿಯೂ ಮತ್ತೊಂದು ಕಡೆ ಎರಡೆರಡು ಎ ಹಾಕಿಯೂ ಕುಳಿತಿದೆ. ಳಕಾರ ಲಕಾರಗಳ ಪಾಡನ್ನಂತೂ ಕೇಳುವುದೇ ಬೇಡ. ಹಳೆಯ ಓಪ್ಯಾಕ್‌ನಲ್ಲಿ (ಗಣಕೀಕೃತ ಸೂಚಿಯಲ್ಲಿ) ಒಂದು ಪುಸ್ತಕಕ್ಕೆ ನಾಲ್ಕು ಕಾಗುಣಿತಗಳನ್ನು ಊಹಿಸಿ ನಾಲ್ಕು ಬಾರಿ ಹುಡುಕಬೇಕಿತ್ತು. ಹೊಸ ಸೇವೆಯಲ್ಲಿ ಕನ್ನಡದಲ್ಲಿಯೇ ‘ಶಾಸನ’ ಎಂದು ಬರೆದರೆ ಸಾಕು, ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ಸೂಚೀಕರಣ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿರುವ ಹಿರಿಯರೊಬ್ಬರು, ಯಂತ್ರವನ್ನು ಹೊಗಳುವ ಸ್ವಭಾವದವರೇನೂ ಅಲ್ಲ, ಇದನ್ನು ನೋಡಿ, “ನಾವು ಮಾಡಿದ ತಪ್ಪನ್ನೆಲ್ಲ ಇದು ಮುಚ್ಚಿಕೊಂಡು ಹೋಗುತ್ತಿದೆ ಸರ್, ಇನ್ನು ಯಾರೂ ತಿದ್ದುವುದಿಲ್ಲ” ಎಂದರು. ಅದರಲ್ಲಿ ಸಂತೋಷ ಎಷ್ಟಿತ್ತು, ಬೇಸರ ಎಷ್ಟಿತ್ತು ಎಂದು ನನಗೆ ಇನ್ನೂ ತಿಳಿದಿಲ್ಲ.

ಅರ್ಥವನ್ನು ಹಿಡಿಯುವುದರಲ್ಲಿಯೂ ಯಂತ್ರ ಕೆಲವೆಡೆ ಚುರುಕಾಗಿದೆ. ಹಳೇ ಮೈಸೂರು ಸೀಮೆಯ ಕೆರೆ ನೀರಾವರಿಯ ಬಗ್ಗೆ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದು ಹುಡುಕಿದರೆ ಹಳೆಯ ಓಪ್ಯಾಕ್ ಎರಡನೆಯ ಮಹಾಯುದ್ಧದ ಟ್ಯಾಂಕುಗಳನ್ನೂ ತಂದು ನಿಲ್ಲಿಸುತ್ತಿತ್ತು. ಹೊಸದು ಕೆರೆಗೇ ಬರುತ್ತದೆ. ಜೊತೆಗೆ ಶೀರ್ಷಿಕೆಯಲ್ಲಿ ಕೆರೆಯ ಹೆಸರೇ ಇಲ್ಲದ ಎರಡು ಹಳೆಯ ಪ್ರಬಂಧಗಳನ್ನು ಹೆಕ್ಕಿ ತೋರಿಸಿತು, ಅವು ನಿಜವಾಗಿಯೂ ನನಗೆ ಬೇಕಾಗಿದ್ದವು. ಆದರೆ ‘ಕಡತ’ ಎಂದು ಕೇಳಿದಾಗ ಅದು ಎಡವಿತು. ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಹಳೆಯ ಲೆಕ್ಕದ ಪುಸ್ತಕಗಳ ಬಗ್ಗೆ, ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳಂಥವುಗಳ ಬಗ್ಗೆ ನಾನು ಕೇಳುತ್ತಿದ್ದೆ. ಅದು ಕಚೇರಿ ಕಡತ ನಿರ್ವಹಣೆಯ ಕೈಪಿಡಿಗಳನ್ನೂ ಸಚಿವಾಲಯದ ಕಾರ್ಯವಿಧಾನವನ್ನೂ ಕುರಿತು ಸೊಗಸಾದ ಒಂದು ಪುಟ ಬರೆದುಕೊಟ್ಟಿತು. ನನ್ನ ಪಕ್ಕದಲ್ಲಿ ಪುಸ್ತಕ ಜೋಡಿಸುತ್ತಿದ್ದ ಅಟೆಂಡರ್ ಪರದೆಯನ್ನು ನೋಡಿ ಏನೂ ಹೇಳದೆ ಒಳಗೆ ಹೋಗಿ, ಐದು ನಿಮಿಷದಲ್ಲಿ ಬೇಕಾದ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು.

ಇಂಥ ತಪ್ಪು ಕಣ್ಣಿಗೆ ತಟ್ಟನೆ ಕಾಣುವುದರಿಂದ ಅಪಾಯವಿಲ್ಲ. ತಪ್ಪು ಸರಿಯಂತೆಯೇ ಕಾಣುವಾಗ ಏನಾಗುತ್ತದೆ ಎಂಬುದಕ್ಕೆ ಹಲ್ಮಿಡಿ ಶಾಸನದ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಟಿಪ್ಪಣಿಗಾಗಿ ಹಲ್ಮಿಡಿ ಶಾಸನದ ಮೊದಲ ಪ್ರಕಟಣೆಯ ವಿವರ ಬೇಕಾಗಿತ್ತು. ಯಂತ್ರ ಕ್ಷಣಾರ್ಧದಲ್ಲಿ, ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹ ಮಾಲೆಯ 5ನೇ ಸಂಪುಟ, 1902 ಎಂದು ಪುಟಸಂಖ್ಯೆಯ ಸಮೇತ ಉತ್ತರಿಸಿತು. ಉತ್ತರದಲ್ಲಿ ತರ್ಕವಿದೆ ಎಂಬುದೇ ಇಲ್ಲಿಯ ತೊಡಕು: ಹಲ್ಮಿಡಿ ಇರುವುದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ, ಹಾಸನ ಜಿಲ್ಲೆಯ ಶಾಸನಗಳು ಇರುವುದು ರೈಸರ 5ನೇ ಸಂಪುಟದಲ್ಲಿ, ಆ ಸಂಪುಟ ಬಂದದ್ದು 1902ರಲ್ಲಿಯೇ. ಮಧ್ಯಾಹ್ನದ ಪಾಳಿಯಲ್ಲಿದ್ದ ಯುವ ಸಿಬ್ಬಂದಿ ಅದನ್ನು ಮುದ್ರಿಸಿ, ಪರಾಮರ್ಶನ ವಿಭಾಗದ ಮೊಹರು ಒತ್ತಿ ನನ್ನ ಕೈಗಿತ್ತರು. ಸಂಪುಟವನ್ನು ತೆರೆದು ನೋಡೋಣವೇ ಎಂದು ನಾನು ಕೇಳಿದ್ದಕ್ಕೆ, “ಸಿಸ್ಟಮ್‌ನಲ್ಲೇ ಬಂದಿದೆಯಲ್ಲ ಸರ್” ಎಂದರು.

ಮರುದಿನ ಬೆಳಿಗ್ಗೆ ಅದೇ ಹಾಳೆಯನ್ನು ಪರಾಮರ್ಶನ ವಿಭಾಗದ ಉಪ ಗ್ರಂಥಪಾಲಕರಿಗೆ ತೋರಿಸಿದೆ. ಇವರು ಬೆಂಗಳೂರಿನ ಡಿಆರ್‌ಟಿಸಿಯಲ್ಲಿ, ಅಂದರೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಕಟ್ಟಿದ ಗ್ರಂಥಾಲಯ ವಿಜ್ಞಾನ ಸಂಸ್ಥೆಯಲ್ಲಿ, ತರಬೇತಿ ಪಡೆದವರು. ಗ್ರಂಥಾಲಯದಲ್ಲಿ ಅವರಿಗೆ ‘ಹೊಸದಕ್ಕೆಲ್ಲ ಅಡ್ಡಗಾಲು ಹಾಕುವ ಮೇಡಂ’ ಎಂಬ ಹೆಸರಿದೆ. ಹಾಳೆಯನ್ನು ನೋಡುತ್ತಲೇ ಅವರು ಹೇಳಿದ್ದು ಇಷ್ಟು: ರೈಸ್ ತೀರಿಕೊಂಡದ್ದು 1927ರಲ್ಲಿ, ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಅವರು ಪ್ರಕಟಿಸಿದ್ದು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ, ಹಾಗಿರುವಾಗ ರೈಸ್ ಅದನ್ನು ಸಂಪಾದಿಸುವುದು ಹೇಗೆ? ಬಳಿಕ ಕಪಾಟಿನವರೆಗೆ ನನ್ನನ್ನು ಕರೆದುಕೊಂಡು ಹೋಗಿ ತಪ್ಪಿನ ಬೇರನ್ನೂ ತೋರಿಸಿದರು. ರೈಸರ ಮೊದಲ ಮಾಲೆಯಲ್ಲಿ 12 ಸಂಪುಟಗಳು ಹೆಚ್ಚುಕಡಿಮೆ ಜಿಲ್ಲಾವಾರು ಇವೆ; ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ವಿಂಗಡಣೆಯೂ ಸಂಖ್ಯೆಯೂ ಬೇರೆ. ಹಳೆಯ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, ಹೊಸ 9ನೇ ಸಂಪುಟ ಬೇಲೂರಿನದು. ಸೂಚಿಯಲ್ಲಿ ಎರಡಕ್ಕೂ ಒಂದೇ ಶೀರ್ಷಿಕೆ ಇರುವುದರಿಂದ ಯಂತ್ರ ಎರಡನ್ನೂ ಕಲಸಿ, ಉಳಿದ ಬಿರುಕನ್ನು ತನ್ನ ಪುಟಸಂಖ್ಯೆಯಿಂದ ತುಂಬಿಕೊಂಡಿದೆ ಎಂದು ಅವರ ಊಹೆ.

ಇಲ್ಲಿ ನನ್ನ ತಿಳಿವಳಿಕೆಯೇ ತಿದ್ದುಪಡಿಯಾಯಿತು. ಅಡ್ಡಗಾಲಿನವರೆಂದು ಹೆಸರಾದ ಈ ಅಧಿಕಾರಿಯೇ ಇಡೀ ಗ್ರಂಥಾಲಯದಲ್ಲಿ ಈ ಸೇವೆಯನ್ನು ಅತಿ ಹೆಚ್ಚು ಬಳಸುವವರು. ಬೆಳಿಗ್ಗೆ ಬಂದ ಪ್ರಶ್ನೆಗಳನ್ನು ಮೊದಲು ಯಂತ್ರಕ್ಕೆ ಹಾಕಿ, ಅದು ಕೊಟ್ಟ ಪಟ್ಟಿಯನ್ನು ಹಿಡಿದು ರ‍್ಯಾಕುಗಳ ನಡುವೆ ಹೋಗಿ, ಇಲ್ಲದ್ದನ್ನು ಹೊಡೆದುಹಾಕಿ, ತಮಗೆ ಗೊತ್ತಿದ್ದನ್ನು ಸೇರಿಸಿ, ಕೆಳಗೆ ಸಹಿ ಮಾಡಿ ಓದುಗರಿಗೆ ಕೊಡುತ್ತಾರೆ. ಅವರ ವಿರೋಧವಿದ್ದದ್ದು ಯಂತ್ರದ ಉತ್ತರವನ್ನು ಗ್ರಂಥಾಲಯದ ಉತ್ತರವೆಂದು ಮೊಹರು ಒತ್ತಿ ಕೊಡುವುದಕ್ಕೆ. “ಗೊತ್ತಿಲ್ಲ, ನೋಡಿ ಹೇಳುತ್ತೇನೆ ಅನ್ನುವ ಮಾತು ಇದಕ್ಕೆ ಬರುವುದಿಲ್ಲ ಸರ್, ನಾವು ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ಹೇಳಿದ ಮಾತು ಅದು” ಎಂದು ಅವರು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಓದುಗನ ಸಮಯವನ್ನು ಉಳಿಸಬೇಕೆಂಬುದು 1931ರಲ್ಲಿ ರಂಗನಾಥನ್ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಸೇವೆಯ ಉದ್ಘಾಟನೆಯ ಬ್ಯಾನರಿನಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಇಲ್ಲದ ಪುಟವನ್ನು ಹುಡುಕುತ್ತ ನಾನು ಕಳೆದ ಸಂಜೆಯ ಮಟ್ಟಿಗೆ ಹೇಳುವುದಾದರೆ, ಮೊಹರು ಒತ್ತದೆ ಮರುದಿನ ಬರಹೇಳಿದ್ದರೆ ನನ್ನ ಸಮಯ ಹೆಚ್ಚು ಉಳಿಯುತ್ತಿತ್ತು.

ಇದೇ ಸೇವೆಯ ಇನ್ನೊಂದು ಭಾಗ ಕೃತಿಚೌರ್ಯ ತಪಾಸಣೆಯ ಮೇಜು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅಲ್ಲಿಂದ ಮೇಲೆ ಶೇ. 40 ಮತ್ತು ಶೇ. 60ರ ಗಡಿಗಳಲ್ಲಿ ಕ್ರಮ ಬಿಗಿಯಾಗುತ್ತ ಹೋಗುತ್ತದೆ. ನನ್ನ ಬಳಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳ ಕನ್ನಡ ಪ್ರಬಂಧಕ್ಕೆ ತಂತ್ರಾಂಶ ಸೊನ್ನೆ ಶೇಕಡಾ ಎಂದು ವರದಿ ಕೊಟ್ಟಿತು. ನಾವಿಬ್ಬರೂ ಖುಷಿಪಟ್ಟೆವು. ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದ ಸಹಾಯಕ ಗ್ರಂಥಪಾಲಕರು ಮಾತ್ರ ಪೆನ್ನು ಕೆಳಗಿಟ್ಟು, ಹಿಂದಿನ ಅಧ್ಯಯನಗಳ ಸಮೀಕ್ಷೆಯ ಅಧ್ಯಾಯದ ತುಂಬ ಉಲ್ಲೇಖಗಳೇ ಇರುವಾಗ ಸೊನ್ನೆ ಹೇಗೆ ಬರುತ್ತದೆ ಎಂದು ಕೇಳಿದರು. ಪ್ರಬಂಧದ ಗಣಕ ಕಡತವನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು. ಪ್ರಬಂಧವನ್ನು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿಸಲಾಗಿತ್ತು. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು, ಆದ್ದರಿಂದ ಜಗತ್ತಿನ ಯಾವ ಬರಹಕ್ಕೂ ಹೋಲುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ತಿದ್ದಿ ಮತ್ತೆ ಸಲ್ಲಿಸಲು ಹನ್ನೆರಡು ದಿನ ಹಿಡಿಯಿತು. ಹೋಲಿಕೆ ಸೊನ್ನೆಯಿಂದ ಮೇಲೆ ಬಂತು, ಆದರೂ ಮಿತಿಯೊಳಗೆಯೇ ಇತ್ತು. ಆ ಹನ್ನೆರಡು ದಿನಗಳಲ್ಲಿ ನಾನು ಆ ಅಧಿಕಾರಿಯನ್ನು ಮನಸ್ಸಿನಲ್ಲಿ ಸಾಕಷ್ಟು ಬೈದುಕೊಂಡಿದ್ದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಸೊನ್ನೆಗೆ ಕಣ್ಣುಮುಚ್ಚಿ ಸಹಿ ಹಾಕುವವರು ಇದ್ದಿದ್ದರೆ ಎಷ್ಟು ಪ್ರಬಂಧಗಳು ಹಾಗೆಯೇ ದಾಟಿಹೋಗುತ್ತಿದ್ದವು ಎಂಬ ಯೋಚನೆ ಆಮೇಲೆ ಬಂತು.

ಅದೇ ಮೇಜಿನಲ್ಲಿ, ಬೇರೆ ಪಾಳಿಯಲ್ಲಿ, ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಇನ್ನೊಬ್ಬ ವಿದ್ಯಾರ್ಥಿಯ ಇಂಗ್ಲಿಷ್ ಅಧ್ಯಾಯವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೃತಕ ಬುದ್ಧಿಮತ್ತೆ ಬರೆದಿದೆ ಎಂದು ತಂತ್ರಾಂಶ ಹೇಳಿತು, ಮೇಜಿನಲ್ಲಿದ್ದವರು ಅದನ್ನು ಹಾಗೆಯೇ ವಿಭಾಗಕ್ಕೆ ಕಳುಹಿಸಿಬಿಟ್ಟರು. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ವ್ಯಾಕರಣ ಪುಸ್ತಕದಿಂದ ಕಲಿತ ಇಂಗ್ಲಿಷಿನಲ್ಲಿ ಅಳೆದು ತೂಗಿ ಬರೆಯುವ ಹುಡುಗ ಅವನು. ಅವನ ಕೈಬರಹದ ಕರಡನ್ನು ನಾನೇ ತಿದ್ದಿದ್ದೆ. ಇಂಥ ಪತ್ತೆಗಾರ ತಂತ್ರಾಂಶಗಳ ಚರಿತ್ರೆಯನ್ನು ಬಲ್ಲವರು ಆ ಸಂಖ್ಯೆಯನ್ನು ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಮರುತಿಂಗಳು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯವು ತಾನು ಬಳಸುತ್ತಿದ್ದ ಇಂಥದೇ ಸೌಲಭ್ಯವನ್ನು ಸ್ಥಗಿತಗೊಳಿಸಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಪ್ರಬಂಧಗಳನ್ನು ಈ ಸಾಧನಗಳು ಹೆಚ್ಚಾಗಿ ತಪ್ಪು ಗುರುತಿಸುತ್ತವೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದೇ ವರ್ಷ ತೋರಿಸಿದ್ದರು. ಕರಡುಗಳನ್ನು ಮುಂದಿಟ್ಟು ವಿವರಿಸಿದ ಮೇಲೆ ವಿಷಯ ಇತ್ಯರ್ಥವಾಯಿತು, ಆದರೆ ಹುಡುಗನ ಮುಖ ವಾರಗಟ್ಟಲೆ ಬಾಡಿತ್ತು. ಈ ಸೇವೆಯಲ್ಲಿ ನನಗೆ ಆದ ತೊಂದರೆಗಳನ್ನು ಲೆಕ್ಕ ಹಾಕಿದರೆ, ಯಂತ್ರವನ್ನು ಸಂಶಯಿಸುವವರಿಂದ ಆದದ್ದು ತಡ ಮಾತ್ರ. ಅದನ್ನು ಸಂಶಯಿಸದವರಿಂದ ಆದದ್ದು ಹಾನಿ.

ಹಾಗೆಂದು ಹಿರಿಯರೆಲ್ಲ ವಿವೇಕಿಗಳು, ಕಿರಿಯರೆಲ್ಲ ಅವಸರದವರು ಎಂದು ವಿಂಗಡಿಸುವುದು ಅನ್ಯಾಯವಾದೀತು. ಮೊಹರು ಒತ್ತಿ ಕೊಟ್ಟ ಯುವಕನನ್ನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಮಾತನಾಡಿಸಿದೆ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಹೊರಗುತ್ತಿಗೆಯಲ್ಲಿ ಕೆಲಸ ಮಾಡುತ್ತಿರುವ ಅವರಿಗೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಪರಾಮರ್ಶನ, ಎರವಲು, ಕೃತಿಚೌರ್ಯ ತಪಾಸಣೆ ಮೂರೂ ಮೇಜುಗಳ ಹೊಣೆ ಇದೆ. ಸಂಪುಟ ತೆರೆದು ನೋಡಲು ಎದ್ದುಹೋದರೆ ಎರವಲಿನ ಸಾಲು ನಿಲ್ಲುತ್ತದೆ. ತರಬೇತಿಯೆಂದರೆ ಕಂಪನಿಯವರು ಬಂದು ಅರ್ಧ ದಿನ ಕೊಟ್ಟ ಪ್ರಾತ್ಯಕ್ಷಿಕೆ. ಅದರಲ್ಲಿ ಸರಿಯಾದ ಉತ್ತರಗಳನ್ನಷ್ಟೇ ತೋರಿಸಿದ್ದರು. ಅವರ ಮಾತಿನಲ್ಲಿ ಯಂತ್ರದ ಮೇಲಿನ ನಂಬಿಕೆಗಿಂತ ಬೇರೆ ದಾರಿಯಿಲ್ಲದ ಇಕ್ಕಟ್ಟೇ ಎದ್ದು ಕಾಣುತ್ತಿತ್ತು.

ಸಿಬ್ಬಂದಿಯ ಹಿಂಜರಿಕೆಗೂ ಹೀಗೆಯೇ ನೆಲದ ಕಾರಣಗಳಿವೆ. ನಿವೃತ್ತರಾದವರ ಹುದ್ದೆಗಳು ಭರ್ತಿಯಾಗಿಲ್ಲ; ಯಂತ್ರ ಬಂದಿದೆಯಲ್ಲ, ಇನ್ನೇಕೆ ಜನ ಎಂದು ಆರ್ಥಿಕ ವಿಭಾಗ ಷರಾ ಬರೆದುಬಿಟ್ಟರೆ ಎಂಬ ಭಯವನ್ನು ಮೂವರು ಬೇರೆಬೇರೆಯಾಗಿ ಹೇಳಿದರು. ಬಾಗಿಲಲ್ಲಿ ನಿಂತಿರುವ ಆರ್‌ಎಫ್‌ಐಡಿ ಗೇಟು, ಅಂದರೆ ಎರವಲು ದಾಖಲಾಗದ ಪುಸ್ತಕ ಹೊರಹೋದರೆ ಕೂಗುವ ದ್ವಾರ, ಇನ್ನೊಂದು ಕಾರಣ. ಯಾವುದೋ ಅನುದಾನದಲ್ಲಿ, ವಿಶ್ವವಿದ್ಯಾನಿಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುನ್ನ ಗಡಿಬಿಡಿಯಲ್ಲಿ ಅಳವಡಿಸಿದ ಅದು ವಾರ್ಷಿಕ ನಿರ್ವಹಣೆಯ ಗುತ್ತಿಗೆ ಮುಗಿದಂದಿನಿಂದ ಕೂಗುವುದನ್ನು ನಿಲ್ಲಿಸಿ, ಈಗ ಕೊಡೆ ತೂಗುಹಾಕಲು ಉಪಯೋಗವಾಗುತ್ತಿದೆ. ಹೊಸ ಸೇವೆಯೂ ಒಂದು ವರ್ಷದ ಗುತ್ತಿಗೆಯಲ್ಲೇ ಬಂದಿರುವಾಗ, ಅದನ್ನು ನಂಬಿ ಹಳೆಯ ಪರಾಮರ್ಶನ ಕಾರ್ಡುಗಳನ್ನು ತೂಕಕ್ಕೆ ಹಾಕಿಬಿಡಿ ಎಂಬ ಸೂಚನೆಯನ್ನು ಉಪ ಗ್ರಂಥಪಾಲಕರು ಪಾಲಿಸದೆ ಇದ್ದದ್ದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಆ ಕಾರ್ಡುಗಳ ಡಬ್ಬಿಗಳು ಈಗಲೂ ಅವರ ಕುರ್ಚಿಯ ಹಿಂದಿವೆ.

ಖಾಸಗಿತನದ ವಿಚಾರವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸೇವೆಗೆ ಲಾಗಿನ್ ಆಗಲು ಸದಸ್ಯತ್ವ ಸಂಖ್ಯೆ ಬೇಕು, ಆದ್ದರಿಂದ ಯಾರು ಏನು ಕೇಳಿದರು ಎಂಬುದು ಎಲ್ಲೋ ದಾಖಲಾಗುತ್ತದೆ. ಎಲ್ಲಿ, ಎಷ್ಟು ಕಾಲ ಎಂದು ಕೇಳಿದರೆ ಮೇಜಿನಲ್ಲಿ ಉತ್ತರವಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿಯೇ ಕಾಯಿದೆ ಬಂದಿರುವಾಗ ಇಷ್ಟನ್ನಾದರೂ ಒಂದು ಫಲಕದಲ್ಲಿ ಬರೆದು ತೂಗುಹಾಕಬಹುದಿತ್ತು. ಚಂದಾದ ಲೇಖನಗಳ ಪಿಡಿಎಫ್‌ಗಳನ್ನು ಹೊರಗಿನ ಚಾಟ್‌ಬಾಟ್‌ಗಳಿಗೆ ಏರಿಸಬಾರದೆಂಬ ಎಚ್ಚರಿಕೆಯನ್ನು ಮಾತ್ರ ಸಿಬ್ಬಂದಿ ಚೆನ್ನಾಗಿಯೇ ಹೇಳುತ್ತಾರೆ.

ಸೇವೆಯ ಅತ್ಯುತ್ತಮ ಭಾಗ ಕಂಪನಿಯ ಕರಪತ್ರದಲ್ಲಿ ಇಲ್ಲ. ಪರಾಮರ್ಶನ ವಿಭಾಗದ ಗಣಕದ ಪಕ್ಕದಲ್ಲಿ, ದಾರ ಕಟ್ಟಿದ ಪೆನ್ನಿನ ಸಮೇತ, ಇನ್ನೂರು ಪುಟದ ರೂಲು ನೋಟ್‌ಬುಕ್ ಒಂದಿದೆ. ಯಂತ್ರ ತಪ್ಪು ಹೇಳಿದಾಗಲೆಲ್ಲ ಪ್ರಶ್ನೆ, ಅದು ಕೊಟ್ಟ ಉತ್ತರ, ಸರಿಯಾದ ಉತ್ತರ, ಅದು ಸಿಕ್ಕಿದ ಪುಸ್ತಕದ ಅಕ್ಸೆಷನ್ ನಂಬರ್ (ಗ್ರಂಥಾಲಯದ ದಾಖಲೆ ಸಂಖ್ಯೆ) ಇಷ್ಟನ್ನೂ ಅದರಲ್ಲಿ ಬರೆಯಬೇಕು. ಉಪ ಗ್ರಂಥಪಾಲಕರು ಆರಂಭಿಸಿದ್ದು. ಈಗ ಓದುಗರೂ ಬರೆಯುತ್ತಾರೆ, ಮಧ್ಯಾಹ್ನದ ಪಾಳಿಯ ಯುವಕನೂ ಬರೆಯತೊಡಗಿದ್ದಾರೆ. ನನ್ನ ಹಲ್ಮಿಡಿ, ಕಡತಗಳ ಜೊತೆಗೆ, ಒಂದೇ ಹೆಸರಿನ ಇಬ್ಬರು ಲೇಖಕರನ್ನು ಒಬ್ಬರೆಂದು ತಿಳಿದದ್ದು, ಮರುಮುದ್ರಣದ ವರ್ಷವನ್ನು ಮೊದಲ ಮುದ್ರಣದ್ದೆಂದು ಹೇಳಿದ್ದು ಹೀಗೆ ನಾನು ನೋಡುವ ಹೊತ್ತಿಗೆ ತೊಂಬತ್ತು ಪುಟ ತುಂಬಿತ್ತು. ಕನ್ನಡ ಆಕರಗಳಲ್ಲಿ ಯಂತ್ರ ಎಲ್ಲೆಲ್ಲಿ ಜಾರುತ್ತದೆ ಎಂಬುದರ ಇಷ್ಟು ಒಳ್ಳೆಯ ಪಟ್ಟಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಕಂಪನಿಗೆ ಕಳುಹಿಸಿ ತಿದ್ದಿಸಬಹುದಲ್ಲವೇ ಎಂದು ಕೇಳಿದೆ. ಗುತ್ತಿಗೆಯ ಪತ್ರದಲ್ಲಿ ಅಂಥದ್ದೊಂದು ಅಂಶವೇ ಇಲ್ಲವಂತೆ. ಪತ್ರ ಸಿದ್ಧವಾಗುವಾಗ ಪರಾಮರ್ಶನ ವಿಭಾಗವನ್ನು ಯಾರೂ ಕೇಳಲಿಲ್ಲವಂತೆ. ಸೇವೆ ಶುರುವಾಗಿ ಎರಡು ತಿಂಗಳಾದ ಮೇಲೆ ಅಭಿಪ್ರಾಯ ಸಂಗ್ರಹದ ನಮೂನೆಯೊಂದು ಬಂತು, ಅದರಲ್ಲಿ ತೃಪ್ತಿ ಇದೆ, ತೃಪ್ತಿ ಇಲ್ಲ ಎಂಬ ಎರಡು ಚೌಕಗಳಿದ್ದವು.

ಬಳಸಬೇಕೆನ್ನುವವರಿಗೆ ಕೆಲವು ವಿವರಗಳು. ಹೊರಗಿನ ಸದಸ್ಯರಿಗೆ ಗ್ರಂಥಾಲಯದ ಠೇವಣಿಯ ಹೊರತು ಪ್ರತ್ಯೇಕ ಶುಲ್ಕವಿಲ್ಲ. ಒಂದು ವಿಷಯದ ಮೇಲೆ ಏನೇನಿದೆ ಎಂದು ಮೊದಲ ಸಲ ಹುಡುಕುವವರಿಗೆ, ಅದರಲ್ಲಿಯೂ ಹಳೆಯ ಕನ್ನಡ ಶೀರ್ಷಿಕೆಗಳನ್ನು ಹುಡುಕುವವರಿಗೆ, ಇದು ನಿಜಕ್ಕೂ ಅನುಕೂಲ. ವರ್ಷ, ಸಂಪುಟ, ಪುಟ ಬೇಕಾದವರು ಯಂತ್ರದ ಉತ್ತರವನ್ನು ಚೀಟಿಯೆಂದು ತಿಳಿದು ರ‍್ಯಾಕಿಗೆ ಹೋಗಬೇಕು. ಕನ್ನಡ ಪ್ರಬಂಧ ಸಲ್ಲಿಸುವವರು ಟೈಪು ಮಾಡಿಸುವಾಗಲೇ ಯೂನಿಕೋಡ್ ಎಂದು ಹೇಳಿ ಮಾಡಿಸಿಕೊಳ್ಳಲಿ. ಉಪ ಗ್ರಂಥಪಾಲಕರು ಸಿಗುವುದು ಬೆಳಿಗ್ಗೆ ಹತ್ತೂವರೆಯಿಂದ ಒಂದೂವರೆಯವರೆಗೆ. ಪ್ರಶ್ನೆಯನ್ನು ಬರೆದು ಕೊಟ್ಟರೆ ಮರುದಿನ ಸಹಿಯೊಂದಿಗೆ ಉತ್ತರ ಬರುತ್ತದೆ. ಮುಂದಿನ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಾರೆ, ಗುತ್ತಿಗೆಯ ನವೀಕರಣ ಬರುವುದು ಜೂನ್‌ನಲ್ಲಿ.